ಹಗ್ಗದ ಮೇಲಿನ ಬಿಳಿ ಕೋಟು

ಭಾನುವಾರ,
ಬಟ್ಟೆ ಒಣಹಾಕಿದ ಮೇಲೆ

ಮುನಿಸಿಕೊಂಡು ತವರಿನಲ್ಲಿ ಕೂತಿರುವ ನನ್ನ ಸೊಸೆಗೆ,

ನಾನು ಚೆನ್ನಾಗಿದ್ದೇನೆ. ನಿನ್ನ ಗಂಡನೂ ಚೆನ್ನಾಗಿದ್ದಾನೆ. ಎರಡು ಹೊತ್ತೂ ಉಣ್ಣುತ್ತಾನೆ, ಮಾತು ಮಾತ್ರ ಕಡಿಮೆ. ಫೋನ್ ಇರುವಾಗ ಈ ಮುದುಕಿಗೆ ಪತ್ರದ ಹುಚ್ಚೇಕೆ ಎಂದು ನಗಬೇಡ. ಫೋನಿನಲ್ಲಿ ನಾನೊಂದು ಅಂದರೆ ನೀನೊಂದು ಅನ್ನುತ್ತೀಯ, ಮಾತಿಗೆ ಮಾತು ಬೆಳೆಯುತ್ತದೆ. ಪತ್ರದಲ್ಲಾದರೆ ಕೊನೆಯವರೆಗೂ ನನ್ನದೇ ಮಾತು. ನಾಳೆ ನಿನ್ನ ಗಂಡನ ಕೈಯಲ್ಲೇ ಇದನ್ನು ಕಳಿಸುತ್ತೇನೆ. ನೀವಿಬ್ಬರೂ ಬಸ್ ಸ್ಟಾಪಿನಲ್ಲಿ ಭೇಟಿಯಾಗುವುದು ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾನೆ, ಪಾಪ.

ನಿನಗೆ ನಿನ್ನ ಬಿಳಿ ಕೋಟು ಬೇಕಂತೆ. ಲ್ಯಾಬಲ್ಲಿ ಕೋಟಿಲ್ಲದೆ ಒಳಗೆ ಬಿಡಲ್ವಂತಮ್ಮಾ, ಕೊಟ್ಬಿಡು ಅಂತ ಮೊನ್ನೆ ಅವನು ಹೇಳಿದ. ಕಲೆ ಇನ್ನೂ ಪೂರ್ತಿ ಹೋಗಿಲ್ಲ, ಹೋದ ಮೇಲೆ ಕೊಡುತ್ತೇನೆ ಎಂದೆ. ನಿನ್ನ ಬಟ್ಟೆ, ಚಪ್ಪಲಿ, ಪುಸ್ತಕ ಎಲ್ಲವೂ ಒಂದೊಂದೇ ಚೀಲದಲ್ಲಿ ಹೋದವು. ಈ ಮನೆಯಲ್ಲಿ ನಿನ್ನದು ಅಂತ ಉಳಿದಿರುವುದು ಈ ಕೋಟೊಂದೇ. ಅದೂ ಹೋದರೆ ನೀನು ಇತ್ತ ತಲೆ ಹಾಕಲು ಕಾರಣವೇ ಇರುವುದಿಲ್ಲ. ಅದಕ್ಕೂ ಕಲೆಗೂ ಏನೂ ಸಂಬಂಧವಿಲ್ಲ.

ಈಗ ಕಲೆಯ ವಿಷಯ. ಜೇಬಿನಲ್ಲಿ ಪೆನ್ನು ಸೋರಿದ್ದಕ್ಕೆ ನಿನ್ನನ್ನು ಯಾರೂ ಬೈಯುವುದಿಲ್ಲ, ಪೆನ್ನುಗಳ ಹಣೆಬರಹವೇ ಅಷ್ಟು. ಆದರೆ ಶಾಯಿ ಕಂಡದ್ದೇ ತಡ, ಕುದಿಯುವ ನೀರು ಸುರಿದು ಬ್ರಷ್ಷಿನಲ್ಲಿ ಗಸಗಸ ಉಜ್ಜಿದೆಯಲ್ಲ, ಕಾಸಗಲದ ಕಲೆ ತಟ್ಟೆಯಗಲ ಆಯಿತು. ಇಷ್ಟು ಕಲೆ ತೆಗೆಯೋಕೆ ಬರಲ್ಲ, ಇನ್ನು ಸಂಸಾರ ಏನು ಮಾಡ್ತೀಯ ಅಂತ ನಾನು ಅಂದೆ. ನಿನ್ನ ಲ್ಯಾಬಿನ ಗೆಳತಿಯರು ಅಲ್ಲೇ ಕೂತಿದ್ದರು. ಅವರು ನನ್ನ ಕಣ್ಣಿಗೆ ಕಂಡಿದ್ದರು, ಆದರೂ ನನ್ನ ಬಾಯಿ ಕೇಳಲಿಲ್ಲ. ಸಂಸಾರ ಅಂದ್ರೆ ಕೋಟು ಒಗೆಯೋದೇನತ್ತೆ ಅಂತ ಕೇಳಿ, ನೀನು ಕೋಟನ್ನು ಬಕೆಟ್ಟಿನಲ್ಲೇ ಬಿಟ್ಟು ಹೊರಟೆ.

ಶಾಯಿಯನ್ನು ಉಜ್ಜಬಾರದು, ಒತ್ತಿ ತೆಗೆಯಬೇಕು. ಕಲೆಯ ಕೆಳಗೆ ಹಳೇ ಬನಿಯನ್ ತುಂಡನ್ನು ಮಡಿಸಿ ಇಡು. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಅಂಚಿನಿಂದ ಶುರುಮಾಡಿ ನಡುವಿಗೆ ಒತ್ತುತ್ತಾ ಬಾ. ನಡುವಿನಿಂದ ಹೊರಟರೆ ಕಲೆ ಊರೆಲ್ಲ ಹರಡುತ್ತದೆ. ನೀಲಿಯೆಲ್ಲ ಕೆಳಗಿನ ಬಟ್ಟೆಗೆ ಇಳಿಯುತ್ತದೆ. ಇಳಿದ ಹಾಗೆ ಅದನ್ನು ಸರಿಸುತ್ತಾ ಹೋಗಬೇಕು. ಮನೆಯಲ್ಲಿ ಹಳೇ ಬನಿಯನ್ ಸಿಗದೆ ನಿನ್ನ ಗಂಡನ ಹೊಸದನ್ನೇ ಹರಿದೆ, ಅವನಿಗೆ ಹೇಳಬೇಡ. ಆಮೇಲೆ ತಣ್ಣೀರು, ಸೋಪು. ಇನ್ನೂ ಮಂಕು ಉಳಿದರೆ ನಿಂಬೆರಸಕ್ಕೆ ಉಪ್ಪು ಕಲಸಿ ಸವರಿ ಬಿಸಿಲಿಗೆ ಹಾಕು. ಕಲೆ ಪೂರ್ತಿ ಹೋಗುವ ತನಕ ಇಸ್ತ್ರಿ ಪೆಟ್ಟಿಗೆ ಹತ್ತಿರವೂ ಬರಕೂಡದು. ಬಿಸಿ ತಗುಲಿದರೆ ಕಲೆ ಕಚ್ಚಿಕೊಂಡುಬಿಡುತ್ತದೆ.

ಇದನ್ನೆಲ್ಲ ನನಗೆ ಕಲಿಸಿದವರು ನನ್ನ ಅತ್ತೆ. ಅವರ ಬಾಯಿಯ ಮುಂದೆ ನನ್ನದು ಏನೂ ಅಲ್ಲ. ಒಮ್ಮೆ ನಾನೂ ನಿನ್ನ ಹಾಗೇ ಮುನಿಸಿಕೊಂಡು ತವರಿಗೆ ಹೋಗಿದ್ದೆ. ಯಾರೂ ಬಾ ಅನ್ನಲಿಲ್ಲ. ಕೊನೆಗೆ ನಾನೇ ತಲೆ ತಗ್ಗಿಸಿಕೊಂಡು ಬಂದೆ. ಅದು ಇವತ್ತಿಗೂ ಹೊಟ್ಟೆಯಲ್ಲಿ ಉರಿಯುತ್ತದೆ.

ಮೇಲಿನ ಮನೆಯ ಟೈಲರ್ ಆಗಾಗ ನಿನ್ನನ್ನು ಕೇಳುತ್ತಾಳೆ. ಮಷಿನ್ ತುಳಿಯುವುದಕ್ಕಿಂತ ನಮ್ಮ ಹಗ್ಗದ ಮೇಲೇ ಅವಳ ಕಣ್ಣು ಜಾಸ್ತಿ. ಡ್ಯೂಟಿಗೆ ಹೋಗಿದ್ದಾಳೆ ಅನ್ನುತ್ತೇನೆ. ಸುಳ್ಳೇನಲ್ಲವಲ್ಲ, ನೀನು ಎಲ್ಲಿಂದ ಹೋದರೂ ಡ್ಯೂಟಿ ಡ್ಯೂಟಿಯೇ.

ಕಲೆ ಹೋದ ದಿನ ತಿಳಿಸುತ್ತೇನೆ. ಅಲ್ಲಿಯವರೆಗೆ ಅವಸರ ಮಾಡಬೇಡ. ನಿಮ್ಮ ಅಮ್ಮನಿಗೆ ಕೇಳಿದೆ ಎಂದು ಹೇಳು.

ಇಂತಿ,
ಬಾಯಿ ಚುರುಕು, ಕೈ ನಿಧಾನದ
ನಿನ್ನ ಅತ್ತೆ

ತಾ.ಕ.: ಕವರಿಗೆ ಅಂಟು ಹಚ್ಚುವ ಮೊದಲು ಹಗ್ಗದಿಂದ ಬಟ್ಟೆ ತೆಗೆಯಲು ತಾರಸಿಗೆ ಹೋಗಿದ್ದೆ. ಟೈಲರ್ ಬಂದು ಕೋಟನ್ನು ಬೆಳಕಿಗೆ ಹಿಡಿದು, ಇದ್ರಲ್ಲಿ ಕಲೆನೇ ಇಲ್ವಲ್ಲಮ್ಮಾ, ದಿನಾ ಯಾಕೆ ಒಗೀತೀರ, ಮೊಣಕೈ ಹತ್ರ ನೂಲೇ ಸವೆದಿದೆ ಅಂದಳು. ನಿಜ. ಕಲೆ ಎರಡನೇ ಒಗೆತಕ್ಕೇ ಹೋಗಿತ್ತು. ನೀನು ಮನೆಯಲ್ಲೇ ಇದ್ದೀಯ ಎಂದು ನಾಲ್ಕು ಜನರಿಗೆ ಕಾಣಲಿ ಅಂತ ದಿನಾ ಅದನ್ನು ಒದ್ದೆ ಮಾಡಿ ಹಗ್ಗಕ್ಕೆ ಹಾಕುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗಾಯಿತು ನನ್ನ ಕಥೆ. ಅವಳೇ ಹೇಳಿದಳು, ಕಳೆದ ವಾರವೇ ನೀನು ಅವಳ ಹತ್ತಿರ ಹೊಸ ಕೋಟು ಹೊಲಿಸಿಕೊಂಡು ಹೋಗಿದ್ದೀಯಂತೆ. ತೋಳು ಬಿಗಿಯಂತೆ, ಸಡಿಲ ಮಾಡಿಸಲು ಬುಧವಾರ ಮತ್ತೆ ಬರುತ್ತೀಯಂತೆ. ನಿನ್ನ ತವರಿನ ಹತ್ತಿರ ಟೈಲರುಗಳಿಗೇನು ಬರವೇ? ನಮ್ಮ ಬಾಗಿಲ ಮುಂದೆಯೇ ಮೆಟ್ಟಿಲು ಹತ್ತಿ ಇಳಿದಿದ್ದೀಯಲ್ಲೇ ಕಳ್ಳಿ! ಹೊಸ ಕೋಟಿರುವವಳಿಗೆ ಹಳೆಯದು ಯಾಕೆ ಬೇಕಿತ್ತು? ಕಲೆಯಿಲ್ಲದ ಕೋಟನ್ನು ನಾನು ಯಾಕೆ ಒಗೆಯುತ್ತಿದ್ದೆನೋ ಅದಕ್ಕೇ ಇರಬೇಕು. ನೀನಿಲ್ಲದೆ ಮನೆ ಬಿಕೋ ಅನ್ನುತ್ತದೆ. ಬುಧವಾರ ಬಾಗಿಲು ತೆರೆದೇ ಇರುತ್ತದೆ. ಕೋಟಿಗೆ ಈಗ ತಾನೇ ಇಸ್ತ್ರಿ ಹಾಕಿದೆ. ಅದನ್ನು ಕೊಟ್ಟು ಕಳಿಸುವುದಿಲ್ಲ, ನೀನೇ ಬಂದು ತೊಟ್ಟುಕೋ.