ಅರ್ಜಿಯಲ್ಲಿ ಬರೆದ ಕೆಟ್ಟ ದಿನ

ಪೋರ್ತ್‌ಕಾಲ್, ವೇಲ್ಸ್
ಮೇ ೨೬, ಸೋಮವಾರ

ಪ್ರೀತಿಯ ಲೌರಿಗೂ, ಅವಳ ಭುಜದ ಮೇಲಿಂದ ಇಣುಕಿ ಈ ಕಾಗದ ಓದಲಿರುವ ಅಂಗವಿಕಲ ಭತ್ಯೆ ಮಂಡಳಿಯ ಮಹನೀಯರಿಗೂ,

ಮಹನೀಯರೇ, ಕನ್ನಡಕ ಏರಿಸಿಕೊಳ್ಳಿ. ನಿಮ್ಮ ಮುಂದೆ ಕೈಕಟ್ಟಿ ನಿಂತಿರುವವನು ಗೆಥಿನ್, ವಯಸ್ಸು ನಲವತ್ತಾರು, ಬಸ್ಸಿಗೆ ಚಾಲಕ, ಪ್ರಾಸಕ್ಕೆ ಸೇವಕ, ಲೌರಿಗೆ ಪಾಲಕ. ಏಳನೆಯ ವಯಸ್ಸಿಗೇ ಮಧುಮೇಹ ಅಂಟಿಕೊಂಡ ಮಗಳ ಪರವಾಗಿ ಇಷ್ಟು ವರ್ಷ ಭತ್ಯೆಯ ಅರ್ಜಿ ತುಂಬಿದವನು. ಇವನ ಮೇಲಿನ ಆರೋಪ: ಒಂದು ಸುಳ್ಳು ವಾಕ್ಯ.

ಮಗಳೇ, ನಗು ಬರದಿದ್ದರೆ ಬೇಡ. ನೇರವಾಗಿ ಶುರುಮಾಡಲು ನನಗೆ ಬರುವುದಿಲ್ಲ. ಹೊಟ್ಟೆಗೆ ಇನ್ಸುಲಿನ್ ಚುಚ್ಚುವಾಗಲೂ "ಪುಟ್ಟ ಸೂಜಿ, ಅಪ್ಪನ ರಾಜಿ" ಎಂದು ಹಾಡುತ್ತಿದ್ದವನು ನಾನು. "ಸೂಜಿ ಪರವಾಗಿಲ್ಲ ಅಪ್ಪಾ, ಹಾಡೇ ಚುಚ್ಚುತ್ತೆ" ಎಂದವಳು ನೀನು.

ಗುರುವಾರ ಸಂಜೆ ನೀನು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದೆ. ಹದಿನಾರು ತುಂಬಿದ ಮೇಲೆ ಮಕ್ಕಳ ಭತ್ಯೆ ಇಲ್ಲ. ಇನ್ನು ನಿನ್ನ ಹೆಸರಿನಲ್ಲಿ ನೀನೇ ಕೇಳಬೇಕು. ಪಕ್ಕದಲ್ಲಿ ನನ್ನ ಹಳೆಯ ಅರ್ಜಿಯ ನಕಲಿತ್ತು. ಚಹಾ ಇಡಲು ಬಗ್ಗಿದವನು ಓದಿಬಿಟ್ಟೆ: "ಸಕ್ಕರೆ ಇಳಿಯುವುದು ನನಗೆ ಗೊತ್ತಾಗುವುದಿಲ್ಲ. ನನ್ನ ಮೈಯ ವಿಚಾರದಲ್ಲಿ ನನ್ನನ್ನು ನಂಬುವಂತಿಲ್ಲ." ನನ್ನದೇ ಮಾತು, ನಿನ್ನ ದುಂಡು ಅಕ್ಷರದಲ್ಲಿ.

"ಇದನ್ನ ಯಾಕೆ ಬರೀತೀಯ?" ಎಂದು ಕೇಳಿದೆ.

"ನೀನೇ ಬರೆದಿದ್ದಲ್ವಾ ಅಪ್ಪಾ? ನಿಜ ತಾನೇ?" ಎಂದು ನೀನು ತಲೆಯೆತ್ತದೆ ಹೇಳಿದೆ. "ಅದಕ್ಕೇ ಬೀಚಿನ ಜೀವರಕ್ಷಕರ ತರಬೇತಿಯಿಂದ ಹೆಸರು ತೆಗೆಸ್ದೆ. ಯಾರನ್ನೋ ಎತ್ತೋಕೆ ಹೋಗಿ ನಾನೇ ಮುಳುಗಿದ್ರೆ?"

ಎರಡು ವರ್ಷದಿಂದ ಅದೊಂದಕ್ಕೇ ಕಾದವಳು ನೀನು. ನಾನು ಬಿಸ್ಕತ್ತಿನ ಡಬ್ಬಿ ಹುಡುಕುವವನಂತೆ ಬೆನ್ನು ತಿರುಗಿಸಿದೆ. ಡಬ್ಬಿ ನನ್ನ ಕೈಯಲ್ಲೇ ಇತ್ತು. ಮರುದಿನ ನೀನು ರಜೆಗೆಂದು ಸ್ವಾನ್ಸಿಗೆ, ಅಜ್ಜಿಯ ಮನೆಗೆ ಹೊರಟಾಗಲೂ ಚೀಲ ಎತ್ತಿಕೊಟ್ಟು ಕಳಿಸಿಬಿಟ್ಟೆ.

ಆ ವಾಕ್ಯ ಹುಟ್ಟಿದ್ದು ಹೀಗೆ. ನಾಲ್ಕು ವರ್ಷದ ಹಿಂದೆ ಭತ್ಯೆ ನವೀಕರಿಸುವಾಗ ಸಲಹಾ ಕೇಂದ್ರದ ಬೇನನ್ ಮೇಡಂ ನನ್ನ ಕರಡು ಓದಿ ಗದರಿದರು. "ಏನಪ್ಪಾ ಗೆಥಿನ್, ಮಗಳನ್ನ ಹೊಗಳೋಕೆ ಕೂತಿದ್ದೀಯಲ್ಲ! ಇದೇನು ಶಾಲೆ ಅಂಕಪಟ್ಟಿನಾ? ತೀರಾ ಕೆಟ್ಟ ದಿನ ಹೇಗಿರುತ್ತೆ, ಅದನ್ನ ಬರಿ."

ಕೆಟ್ಟ ದಿನ ನಮ್ಮಲ್ಲಿ ಒಂದಿತ್ತು. ಮಾರ್ಚಿನ ಚಳಿಯಲ್ಲಿ ನಿನ್ನ ಹನ್ನೆರಡನೆಯ ಹುಟ್ಟುಹಬ್ಬ. ಮರಳಿನ ಮೇಲೆ ನೀವು ಐದು ಹುಡುಗಿಯರು, ಕಾವಲಿಗೆ ನಾನು. ರಸ್ತೆಯಾಚೆಯ ಕ್ಲಬ್ಬಿನ ಟೀವಿಯಲ್ಲಿ ರಗ್ಬಿ ಪಂದ್ಯ. ನಾನು ಒಳಗೆ ಹೋಗಿ ಕೂತದ್ದು ನಿಮ್ಮಮ್ಮನಿಗೆ ಗೊತ್ತು. ಈಗಲೂ ಪಂದ್ಯ ಶುರುವಾದರೆ ಅವಳು "ಕೂತ್ಕೋ, ನಿನ್ನ ಕಾವಲಿನ ಹೊತ್ತಾಯ್ತು" ಎನ್ನುತ್ತಾಳೆ. ನೀನು ಬಿದ್ದೆ, ಮೈ ಸೆಟೆಯಿತು, ಆಂಬುಲೆನ್ಸ್ ಬಂತು. ಎಚ್ಚರವಾದಾಗ ಆ ಮಧ್ಯಾಹ್ನದ ಒಂದು ಚೂರೂ ನಿನಗೆ ನೆನಪಿರಲಿಲ್ಲ. "ಮುಂಚೆ ಏನಾದ್ರೂ ಹೇಳಿದ್ಲಾ?" ಎಂದು ನರ್ಸ್ ಕೇಳಿದರು. "ಇಲ್ಲ, ಅವಳಿಗೆ ಗೊತ್ತೇ ಆಗಲ್ಲ" ಎಂದೆ. ಆ ಮಾತು ಆಸ್ಪತ್ರೆಯ ಕಡತಕ್ಕೆ ಹೋಯಿತು, ಅಲ್ಲಿಂದ ಅರ್ಜಿಗೆ ಬಂತು, ಈಗ ನಿನ್ನ ತಲೆಯೊಳಗೆ ಮನೆ ಮಾಡಿದೆ.

ಅದನ್ನು ಬರೆಯುವ ಅಗತ್ಯವೇ ಇರಲಿಲ್ಲ. ಚುಚ್ಚಿ ಚುಚ್ಚಿ ಗಂಟುಕಟ್ಟಿದ ಹೊಟ್ಟೆ, ಪ್ರತಿ ತುತ್ತಿಗೂ ಹಾಕುವ ಲೆಕ್ಕ, ನಿನಗಾಗಿ ಅಮ್ಮ ಅರ್ಧಕ್ಕಿಳಿಸಿಕೊಂಡ ಕೆಲಸ, ಇಷ್ಟು ನಿಜವೇ ಸಾಕಿತ್ತು. ಭತ್ಯೆ ಕೇಳು, ತಲೆಯೆತ್ತಿ ಕೇಳು. ಆ ವಾಕ್ಯವನ್ನು ಮಾತ್ರ ಹೊಡೆದುಹಾಕು. ತರಬೇತಿಗೆ ಮತ್ತೆ ಹೆಸರು ಕೊಡಲು ಶುಕ್ರವಾರದವರೆಗೆ ಸಮಯವಿದೆ, ನಿನ್ನೆ ಹೋಗಿ ಕೇಳಿಕೊಂಡು ಬಂದೆ. ಮಧುಮೇಹ ಇದ್ದವರೂ ಸೇರಬಹುದಂತೆ. ಡಾಕ್ಟರ ಒಂದು ಚೀಟಿ ಬೇಕು, ಅಷ್ಟೇ.

ಅಜ್ಜಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಅಪ್ಪ,
ಗೆಥಿನ್

ತಾ.ಕ.: ಲೌರಿ, ಸಹಿ ಹಾಕಿದ ಮೇಲೂ ನಾನು ನಿಜ ಹೇಳಿಲ್ಲ. ಇದು ನಿಮ್ಮಮ್ಮನಿಗೂ ಗೊತ್ತಿಲ್ಲ. ಅವತ್ತು ಮರಳಿನ ಮೇಲಿಂದ ನೀನು ನನಗೆ ಫೋನ್ ಮಾಡಿದ್ದೆ. "ಅಪ್ಪಾ, ಕೈ ನಡುಗ್ತಿದೆ. ಜ್ಯೂಸ್ ಎಲ್ಲಾ ಕುಡಿದೆ, ಆದ್ರೂ ಸಕ್ಕರೆ ಏರ್ತಿಲ್ಲ. ಬೇಗ ಬಾ" ಎಂದೆ. "ಎರಡೇ ನಿಮಿಷ, ಪುಟ್ಟಾ" ಎಂದು ಫೋನ್ ಇಟ್ಟು, ಪಂದ್ಯ ಮುಗಿಯುವವರೆಗೂ ಕೂತಿದ್ದೆ. ನಿನಗೆ ಗೊತ್ತಾಗಿತ್ತು. ಮಾಡಬೇಕಾದ್ದನ್ನೆಲ್ಲ ನೀನು ಮಾಡಿದ್ದೆ. ಏಳದೆ ಹೋದವನು ನಾನು.