ಖರ್ಜೂರಕ್ಕೆ ಸುತ್ತಿದ ಬೇಕನ್

೧೭ ಡಿಸೆಂಬರ್ ೧೯೮೩, ಶನಿವಾರ. ತುಮಕೂರು.

ನಮ್ಮ ಯಜಮಾನರಿಗೆ ಇದೆಲ್ಲ ಹೇಗೆ ಗೊತ್ತು? ಇವತ್ತಿನ ಆಫೀಸಿನವರ ಪಾರ್ಟಿಗೆಂದು ಬೆಂಗಳೂರಿನಿಂದ ಬೇಕನ್ ತಂದಿದ್ದರು. ಉಪ್ಪಿನಲ್ಲಿ ಊರಿಸಿದ ಹಂದಿಮಾಂಸವಂತೆ, ರಿಬ್ಬನ್ನಿನ ಹಾಗೆ ತೆಳ್ಳಗಿತ್ತು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಒಂದು ಲೋಟ ಕಾಫಿ ಬೆರೆಸದವರು, ಅದನ್ನು ಖರ್ಜೂರಕ್ಕೆ ಸರಸರ ಸುತ್ತಿ, ಕಡ್ಡಿ ಚುಚ್ಚಿ, ಕಾವಲಿಯ ಮೇಲೆ ಹೊರಳಿಸಿದರು. ಯಾವಳೋ ಕಲಿಸಿದ್ದಾಳೆ ಎಂದುಕೊಂಡೆ.

ಬಂದವರೆಲ್ಲ ಹೋದ ಮೇಲೆ ಕೇಳಿಯೇ ಬಿಟ್ಟೆ. "ಯಾರ್ರೀ ಅವ್ಳು?"

ಅವರು ತಲೆ ತಗ್ಗಿಸಿದರು. "ಯಾರೂ ಇಲ್ಲ ಕಣೇ. ಕಾಲೇಜು ಓದೋವಾಗ ಒಂದು ಹೋಟ್ಲಲ್ಲಿ ಅಡುಗೆ ಕೆಲ್ಸಕ್ಕಿದ್ದೆ. ನಿಮ್ಮಪ್ಪಂಗೆ ಗೊತ್ತಾಗಿದ್ರೆ ಹೆಣ್ಣು ಕೊಡ್ತಿರ್ಲಿಲ್ಲ."

ನಂಬಿದೆ. ಆದರೆ ಅಂಥ ಕೈಯವರು ಇಷ್ಟು ದಿನ ನನ್ನ ಸೊಪ್ಪಿನ ಸಾರು ಉಂಡು "ಚೆನ್ನಾಗಿದೆ" ಎನ್ನುತ್ತಿದ್ದರಲ್ಲ, ಅದನ್ನು ಹೇಗೆ ನಂಬಲಿ?