ಮನೆಗೆ ಒಂದೇ ಭಾಷೆ

ಜೂನ್ 12, 1996. ಮೇಚೇರಿ, ತಮಿಳುನಾಡು
ಬೆಳಿಗ್ಗೆ ಆರು. ಕಾಫಿ ಕೊಟ್ಟೆ. ಲೋಟ ತೆಗೆದುಕೊಳ್ಳುವಾಗ ಪ್ರಭಾಕರ್ ಬೆರಳು ತಾಗಿಸಿದರು — ಬೇಕೆಂದೇ. ಮದುವೆಯಾಗಿ ಇಪ್ಪತ್ತೊಂದು ದಿನ. ಅತ್ತೆ ಎದುರು ಗಂಡನ ಹೆಸರು ಹೇಳುವ ಹಾಗಿಲ್ಲ, ಇಲ್ಲಿ ಬರೆದುಕೊಳ್ಳುತ್ತೇನೆ. ಪ್ರಭಾಕರ್, ಪ್ರಭಾಕರ್. ಸೋ ಹ್ಯಾಪಿ, ನಾಚಿಕೆಯಾಗುವಷ್ಟು.
ನಾದಿನಿ ಗಂಗಾಲಕ್ಷ್ಮಿಗೆ ಒಂಬತ್ತು ವರ್ಷ. ಮುಖ ನೋಡುವುದಿಲ್ಲ. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿ ಓಡುತ್ತಾಳೆ. ಅವಳಿಗೆ ಬರುವ ಮಾತು ಎಣಿಸಿದೆ — ಹದಿನಾಲ್ಕು. ಅವ್ವ, ಸಾಕು, ಇನ್ನೊಸಿ... “ಮಗ ಒಸಿ ಮಂಕು, ಅಷ್ಟೇಯ” ಎನ್ನುತ್ತಾರೆ ಅತ್ತೆ ಮಂಜುಳಮ್ಮ. ಒಪ್ಪಲಾರೆ. ಸೇಲಂನಲ್ಲಿ ಸ್ಪೆಷಲಿಸ್ಟ್ ಇರಲೇಬೇಕು. ನಾನೇ ಕರೆದುಕೊಂಡು ಹೋಗುತ್ತೇನೆ.

ಜೂನ್ 20
ಸೇಲಂ. ಮೂರು ಗಂಟೆ ಕಾದು ಹತ್ತು ನಿಮಿಷ. ಡಾಕ್ಟರ್ ಲೋಟ, ಚೆಂಡು, ಬಾಚಣಿಗೆ ಇಟ್ಟು ತಮಿಳಿನಲ್ಲಿ ಒಂದೊಂದನ್ನೇ ಕೇಳಿದರು. ಗಂಗಾ ಫ್ಯಾನ್ ನೋಡುತ್ತ ಕುಳಿತಳು. ಬುದ್ಧಿ ಬೆಳೆದಿಲ್ಲ ಎಂದು ಬರೆದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು — ಮಗುವಿಗೆ ಗೊಂದಲ, ಇನ್ನು ಮೇಲೆ ತಮಿಳು ಒಂದೇ ಇರಲಿ ಎಂದರು. ಎಷ್ಟು ಲಾಜಿಕಲ್. ಬಸ್ಸಿನಲ್ಲಿ ಇಡೀ ದಾರಿ ನಾನೇ ಮಾತಾಡಿದೆ.

ಜೂನ್ 23
ರೂಲ್ ಮಾಡಿದ್ದೇನೆ. ಗಂಗಾ ಎದುರು ಯಾರೂ ಕನ್ನಡ ಆಡಕೂಡದು. ಪ್ರಭಾಕರ್: “ಟೀಚರಮ್ಮಾ, ಬೈಯೋದಾದ್ರೂ ಕನ್ನಡದಾಗೆ ಬೈಬೌದಾ?” ಅತ್ತೆ ನಗಲಿಲ್ಲ. “ಎತ್ತ ಮಗೀನ ಕೂಟೆ ಬಸ್ ಕಂಡಕ್ಟರ್ ಕೂಟೆ ಮಾತಾಡ್ದಂಗೆ ಆಡ್ಬೇಕಾ?” ಆದರೂ ಆಡಿದರು, “ವಾಮ್ಮಾ, ಸಾಪ್ಪಿಡು.” ಗಂಗಾ ಹಿಂದಕ್ಕೆ ತಿರುಗಿ ನೋಡಿದಳು, ಬೇರೆ ಯಾರನ್ನೋ ಊಟಕ್ಕೆ ಕರೆದ ಹಾಗೆ.

ಆಗಸ್ಟ್ 30
ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ... ಸುಳ್ಳು. ಗಂಗಾಳ ಮಾತು ಹೋಯಿತು. ಹದಿನಾಲ್ಕೂ. ‘ಅವ್ವ’ ಕೂಡ. ಹಸಿವಾದರೆ ಗೋಡೆಗೆ ತಲೆ ಬಡಿಯುತ್ತಾಳೆ.
“ನೀನು ಒಳ್ಳೇದುಕ್ಕೇ ಮಾಡ್ದೆ ಬುಡವ್ವ” ಎಂದರು ಅತ್ತೆ. ಬೈದಿದ್ದರೆ ಚೆನ್ನಾಗಿತ್ತು.
ಮದುವೆಗೆ ಮುಂಚೆ ನಾನು ಟೀಚರಾಗಿದ್ದ ಹೊಸೂರು ಸ್ಕೂಲಿನ ಹೆಡ್‌ಮಿಸ್ಟ್ರೆಸ್‌ಗೆ ಕಾಗದ ಹಾಕಿದೆ. ಇಂಥ ಮಕ್ಕಳನ್ನು ನೋಡುವವರು ಯಾರಾದರೂ ಗೊತ್ತಿದ್ದಾರೆಯೇ ಎಂದು.

ಸೆಪ್ಟೆಂಬರ್ 21, ಶನಿವಾರ
ಅತ್ತೆ, ಗಂಗಾ ಜೊತೆ ಧರ್ಮಪುರಿ. ಹೆಡ್‌ಮಿಸ್ಟ್ರೆಸ್ ತಿಳಿಸಿದ ಸ್ಪೀಚ್ ಥೆರಪಿಸ್ಟ್, ಮಾಲತಿ. ತಮಿಳರು. ಒಂದು ಗಂಟೆ ನೆಲದ ಮೇಲೆ ಕುಳಿತು ಸುಮ್ಮನೆ ಗಂಗಾಳನ್ನು ನೋಡಿದರು. ನಾನು ವಿವರಿಸುತ್ತಲೇ ಇದ್ದೆ. ನನ್ನ ಮೊಣಕಾಲು ಮುಟ್ಟಿ, ಸ್ವಲ್ಪ ಸುಮ್ಮನಿರಿ ಎಂದರು.
ಆಮೇಲೆ ಅತ್ತೆಗೆ: ತೊಟ್ಟಿಲಲ್ಲಿದ್ದಾಗ ಇವಳ ಜೊತೆ ಯಾವ ಭಾಷೆ ಆಡುತ್ತಿದ್ದಿರಿ? ಅದರಲ್ಲೇ ಈಗ ಲೋಟ ಕೇಳಿ.
ಅತ್ತೆ ನನ್ನ ಮುಖ ನೋಡಿದರು. ಪರ್ಮಿಷನ್ ಕೇಳುವಂತೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಲೆಯಾಡಿಸಿದೆ.
“ಲೋಟ ಕೊಡವ್ವ.”
ತುಂಬ ಹೊತ್ತು. ಗಂಗಾ ಎದ್ದು ಲೋಟ ತಂದು ಅತ್ತೆಯ ಮಡಿಲಲ್ಲಿಟ್ಟಳು.
ಆಟಿಸಂ ಅಂತೆ. ಹೆಸರೇ ಕೇಳಿರಲಿಲ್ಲ. ಮಾಲತಿ ಅತ್ತೆಗೆ, ನನಗೆ ಕನ್ನಡ ಬರದು, ಅವಳಿಗೆ ನೀವೇ ಟೀಚರ್, ನಿಮಗೆ ಬೇಕಾದರೆ ನಾನು ಟೀಚರ್ ಎಂದರು. ನನಗೂ ಹೋಂವರ್ಕ್ — ಒಂದು ಮಾತು ಕೇಳಿ, ಹತ್ತು ಎಣಿಸಿ ಕಾಯಬೇಕು. ಹೋದ ಮಾತು ಬರುತ್ತದೆಯೇ ಎಂದೆ. ಗೊತ್ತಿಲ್ಲ ಎಂದರು. ಆ ಡಾಕ್ಟರಿಗೆ ಎಲ್ಲವೂ ಗೊತ್ತಿತ್ತು...

ನವೆಂಬರ್ 9
ಎಂಟನೇ ಶನಿವಾರ. ತಲೆ ಬಡಿಯುವುದು ನಿಂತಿದೆ. ಬೇಕಾದ್ದನ್ನು ಕೈಹಿಡಿದು ತೋರಿಸುತ್ತಾಳೆ. ಮಾತಿಲ್ಲ. “ಎಣ್ಸಿ ಎಣ್ಸಿ ನಿಂಗೂ ಒಸಿ ನಿಧಾನ ಬಂದೈತೆ” ಎಂದರು ಪ್ರಭಾಕರ್. ನಗು ಬಂತು, ಅಳುವೂ.

ನವೆಂಬರ್ 20, ಸಂಜೆ 5
ಜಗುಲಿಯಲ್ಲಿ ಕುಳಿತು ಬರೆಯುತ್ತಿದ್ದೇನೆ, ಒಳಗೆ ಕರೆಂಟ್ ಇಲ್ಲ. ಗಂಗಾ ಬಂದು ಪಕ್ಕದಲ್ಲಿ ನಿಂತಳು. ಏನವ್ವ ಬೇಕು ಎಂದೆ. ಎಣಿಸಿದೆ. ಹತ್ತಾಯಿತು. ಇನ್ನೂ ಎಣಿಸಿದೆ. ಹದಿನೇಳಕ್ಕೆ ಭುಜ ತಳ್ಳಿದಳು.
“ಅತ್ತಾಗೋಗು.”
ಸ್ಪಷ್ಟವಾಗಿ. ಸಿಟ್ಟಿನಿಂದ. ಸಂತೆ ಮುಗಿದು ಬೀದಿಯಲ್ಲಿ ಕುರಿಗಳು ಬರುತ್ತಿವೆ, ಅವಳಿಗೆ ನೋಡಬೇಕು, ನಾನು ಅಡ್ಡ. ಅತ್ತೆಯನ್ನು ಕೂಗಿ ಕರೆಯಬೇಕೆನ್ನಿಸಿತು. ಕರೆಯಲಿಲ್ಲ. ಜರುಗಿ ಕುಳಿತೆ. ಸಾಲದಂತೆ, ಇನ್ನೂ ತಳ್ಳುತ್ತಿದ್ದಾಳೆ, ಅಕ್ಷರವೆಲ್ಲ ಸೊಟ್ಟ ಸೊ—